ಈ ಬಿಳಿ ಪೆಟ್ಟಿಗೆಯಲ್ಲಿ ಅಲಂಕಾರ ಎಲ್ಲಿದೆ? (ಎಸಿಯ ಡಿಸೈನ್ ಪೇಟೆಂಟ್ ಬಗ್ಗೆ)

ಗೋಡೆಹಲ್ಲಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಬೇರೇನೋ ಹುಡುಕುತ್ತಿದ್ದಾಗ ಒಂದು ಅಮೆರಿಕನ್ ಡಿಸೈನ್ ಪೇಟೆಂಟ್ (ವಸ್ತುವಿನ ರೂಪಕ್ಕೆ ಕೊಡುವ ಹಕ್ಕು) ಕಣ್ಣಿಗೆ ಬಿತ್ತು. ವಸ್ತು ಏರ್ ಕಂಡೀಷನರ್. ಪೇಟೆಂಟ್ ಅಂದರೆ ಇಪ್ಪತ್ತು ಮೂವತ್ತು ಪುಟ ಇರುತ್ತದೆ, ತಲೆ ತಿನ್ನುವ ವಿವರಣೆ ಇರುತ್ತದೆ ಅಂದುಕೊಂಡಿದ್ದೆ. ಇದರಲ್ಲಿ ಹಕ್ಕು ಕೇಳಿರುವುದು ಒಂದೇ ಒಂದು ಸಾಲಿನಲ್ಲಿ. ಚಿತ್ರದಲ್ಲಿ ತೋರಿಸಿ ವಿವರಿಸಿರುವ ಏರ್ ಕಂಡೀಷನರ್‌ನ ಅಲಂಕಾರಿಕ ವಿನ್ಯಾಸ. ಅಷ್ಟೇ. ಉಳಿದದ್ದೆಲ್ಲ ಚಿತ್ರ.

ಚಿತ್ರಗಳು ಏಳು. ಓರೆಯಾಗಿ ನಿಂತು ನೋಡಿದಂತೆ ಒಂದು, ಆಮೇಲೆ ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ. ನೋಡಿದರೆ ನಮ್ಮ ಮಲಗುವ ಕೋಣೆಯ ಗೋಡೆ ಮೇಲಿರುವ ಅದೇ ಉದ್ದನೆಯ ಪೆಟ್ಟಿಗೆ! ಮುಂದಿನ ಪ್ಯಾನಲ್ ಚೂರು ಉಬ್ಬಿದೆ. ಕೆಳಗೆ ಒಂದು ಪಟ್ಟಿ. ಮೂಲೆಗಳು ಸ್ವಲ್ಪ ದುಂಡಗೆ. ಬಳ್ಳಿ ಇಲ್ಲ, ಹೂವಿಲ್ಲ, ಒಂದು ಚುಕ್ಕಿಯೂ ಇಲ್ಲ. ಇದರಲ್ಲಿ ಅಲಂಕಾರ ಎಲ್ಲಿ ಬಂತು? ಅರ್ಧ ಗೆರೆಗಳು ತುಂಡು ತುಂಡಾಗಿ ಬೇರೆ ಇವೆ. ಪ್ರಿಂಟಿನ ದೋಷವೋ ಏನೋ ಗೊತ್ತಾಗಲಿಲ್ಲ.

ಇಲ್ಲಿ ಯಾರಾದರೂ ಈ ಕೆಲಸದಲ್ಲಿ ಇದ್ದೀರಾ? ಎಲ್ಲ ಎಸಿಗಳೂ ಅಣ್ಣತಮ್ಮಂದಿರ ಹಾಗೇ ಕಾಣುವಾಗ ಒಬ್ಬರಿಗೆ ಮಾತ್ರ ಹಕ್ಕು ಹೇಗೆ ಸಿಗುತ್ತದೆ?

ತಕರಾರು

ನನಗೂ ಇದೇ ಅನುಮಾನ. ಆಯತಾಕಾರದ ಡಬ್ಬಕ್ಕೆ ಪೇಟೆಂಟ್ ಕೊಡುವುದಾದರೆ ನಾಳೆ ಇಟ್ಟಿಗೆಗೂ ಕೊಡುತ್ತಾರೆ.

ಗೆರೆಗಾರ್ತಿ

ನಾನು ಇಂಥ ಚಿತ್ರಗಳನ್ನೇ ಬರೆದು ಹೊಟ್ಟೆ ಹೊರೆಯುವವಳು. ವಕೀಲೆ ಅಲ್ಲ, ಆದರೆ ವಕೀಲರ ಕೈಯಲ್ಲಿ ಬೈಸಿಕೊಂಡು ಕಲಿತಿದ್ದು ಬೇಕಾದಷ್ಟಿದೆ.

ಮೊದಲು ತುಂಡು ಗೆರೆ. ಅದು ಪ್ರಿಂಟಿನ ದೋಷ ಅಲ್ಲ. ಇಡೀ ಪೇಟೆಂಟಿನ ಜೀವ ಇರುವುದೇ ಅಲ್ಲಿ. ಪೂರ್ತಿ ಗೆರೆಯಲ್ಲಿ ಬರೆದದ್ದು ನಮ್ಮದು. ತುಂಡು ಗೆರೆಯಲ್ಲಿ ಬರೆದದ್ದು ಸುಮ್ನೆ ಸಂದರ್ಭ ಗೊತ್ತಾಗಲಿ ಅಂತ, ಅದರ ಮೇಲೆ ಹಕ್ಕು ಕೇಳುತ್ತಿಲ್ಲ. ನೀವು ನೋಡಿದ ಚಿತ್ರದಲ್ಲಿ ಪ್ಯಾನಲ್ ಮತ್ತು ಕೆಳಗಿನ ಪಟ್ಟಿ ಪೂರ್ತಿ ಗೆರೆಯಲ್ಲಿದ್ದು, ಹಿಂಭಾಗ ತುಂಡು ಗೆರೆಯಲ್ಲಿದ್ದರೆ, ಹಿಂದೆ ಹೇಗಾದರೂ ಇರಲಿ, ಮುಂದಿನ ಮುಖ ಮಾತ್ರ ನನ್ನದು ಅಂತ ಅರ್ಥ.

ಹೊಸಬರು ಇಲ್ಲೇ ಎಡವುವುದು. ಜಾಸ್ತಿ ಗೆರೆ ಬರೆದರೆ ಜಾಸ್ತಿ ಹಕ್ಕು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಪೂರ್ತಿ ಗೆರೆಯಲ್ಲಿ ಒಂದೊಂದು ವಿವರ ಸೇರಿಸಿದಾಗಲೂ ಹಕ್ಕಿನ ಬೇಲಿ ಒಳಕ್ಕೆ ಸರಿಯುತ್ತದೆ. ಎದುರಾಳಿ ಆ ಒಂದು ವಿವರ ಬದಲಾಯಿಸಿ, ನಮ್ಮದು ಬೇರೆ ಸ್ವಾಮಿ ಅನ್ನಬಹುದು. ವಸ್ತುವಿನ ಒಂದು ಭಾಗಕ್ಕೆ ಮಾತ್ರ ಹಕ್ಕು ಕೇಳಬಹುದು ಅಂತ ಅಮೆರಿಕದಲ್ಲಿ 1980ರಲ್ಲಿ ತೀರ್ಪಾಯಿತು. ಆ ಕೇಸು ಒಂದು ಡ್ರಿಲ್ ಬಿಟ್ಟಿನ ಹಿಡಿ ತುದಿಯದು. ಅಲ್ಲಿಂದ ಈಚೆಗೆ ತುಂಡು ಗೆರೆ ನಮ್ಮಂಥವರ ಅನ್ನ.

ಇನ್ನು ಅಲಂಕಾರ. ಆ ಪದ ಕೇಳಿದ ತಕ್ಷಣ ಬಳ್ಳಿ, ಹೂವು ನೆನಪಾಗುತ್ತವೆ, ಅಲ್ವಾ? ಕಾನೂನಿನಲ್ಲಿ ಅದರ ಅರ್ಥ ತುಂಬ ಸಪ್ಪೆ: ವಸ್ತು ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದು. ಚೆಂದ ಇರಲೇಬೇಕು ಅಂತಿಲ್ಲ. ನಾನು ಬರೆದವುಗಳಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸುವಂಥವೂ ಇದ್ದವು. ರೂಪ ಹೊಸದಾಗಿರಬೇಕು, ಯಾರಿಗಾದರೂ ಥಟ್ ಅಂತ ಹೊಳೆಯುವಂಥದ್ದು ಆಗಿರಬಾರದು, ಬರೀ ಕೆಲಸದ ಒತ್ತಾಯಕ್ಕೆ ಹುಟ್ಟಿದ ರೂಪವೂ ಆಗಿರಬಾರದು.

ತಕರಾರು

ಆ ಕೊನೆಯದೇ ನನ್ನ ಪ್ರಶ್ನೆ ಮೇಡಂ. ಎಸಿಯ ರೂಪ ಪೂರ್ತಿ ಕೆಲಸದ ಒತ್ತಾಯವೇ ಅಲ್ವಾ? ಒಳಗೆ ಕಾಯಿಲ್, ಬ್ಲೋವರ್. ಮೇಲೆ ಮುಚ್ಚಳ. ಅದು ಇನ್ನು ಹೇಗೆ ತಾನೇ ಇರಲು ಸಾಧ್ಯ?

ಅಚ್ಚುಮನೆ

ನಾನು ಪ್ಲಾಸ್ಟಿಕ್ ಅಚ್ಚು ಮಾಡುವವನು. ಎಸಿಯ ಮುಂದಿನ ಪ್ಯಾನಲ್ ಸುಮಾರು ಮಾಡಿದ್ದೇನೆ. ಅರ್ಧ ಸರಿ ನೀವು ಹೇಳಿದ್ದು.

ಉದ್ದ ಯಾಕೆ? ಒಳಗಿರುವ ಬ್ಲೋವರ್ ಒಂದು ಉದ್ದನೆಯ ಉರುಳೆ. ಮೈತುಂಬ ಸಣ್ಣ ಎಲೆಗಳು. ಗಾಳಿ ಅದರ ಒಂದು ಪಕ್ಕದಿಂದ ನುಗ್ಗಿ ಇನ್ನೊಂದು ಪಕ್ಕದಿಂದ ಹೊರಬರುತ್ತದೆ, ಉರುಳೆಯ ಪೂರ್ತಿ ಉದ್ದಕ್ಕೂ. ಕಾಯಿಲನ್ನು ಅದರ ಸುತ್ತ ಗುಡಿಸಲ ಮಾಡಿನ ಹಾಗೆ ಮಡಚಿ ಕೂರಿಸಿರುತ್ತಾರೆ. ಹಾಗಾಗಿ ಪೆಟ್ಟಿಗೆ ಅಡ್ಡಕ್ಕೆ ಉದ್ದವಾಗುತ್ತದೆ. ಗಾಳಿ ಬರುವ ಬಾಯಿ ಕೆಳಗೆ ಇರಬೇಕಾಗುತ್ತದೆ. ಇಷ್ಟು ಕೆಲಸದ ಒತ್ತಾಯ, ಒಪ್ಪುತ್ತೇನೆ.

ಆದರೆ ಮುಖ? ಹಳೇ ಸ್ಪ್ಲಿಟ್ ಎಸಿಗಳ ಮುಂದುಗಡೆ ಅಡ್ಡ ಪಟ್ಟಿಗಳ ಜಾಲರಿ ಇರುತ್ತಿತ್ತು, ನೆನಪಿದೆಯಾ? ಗಾಳಿ ಒಳಗೆ ಹೋಗುತ್ತಿದ್ದುದೇ ಅಲ್ಲಿಂದ. ಆಮೇಲೆ ಗಾಳಿ ಎಳೆಯುವ ಜಾಗ ನೆತ್ತಿಗೆ ಹೋಯಿತು. ಮುಖಕ್ಕೆ ಕೆಲಸವೇ ಇಲ್ಲವಾಯಿತು. ಆಗ ಆ ಖಾಲಿ ಹಲಗೆ ಮೇಲೆ ಎಲ್ಲರೂ ಕೈ ಆಡಿಸಿದರು. ಎಲ್‌ಜಿಯವರು ಆರ್ಟ್‌ಕೂಲ್ ಅಂತ ಚಿತ್ರಪಟದ ಚೌಕಟ್ಟಿನ ಹಾಗೆ ಕಾಣುವ ಎಸಿಯನ್ನೇ ಮಾಡಿದರು. ಡೈಕಿನ್‌ನ ಎಮುರಾ ಬಾಗಿದ ಹಾಳೆಯಂತಿದೆ. ಸ್ಯಾಮ್‌ಸಂಗ್‌ನ ವಿಂಡ್‌ಫ್ರೀ ಮುಖದ ತುಂಬ ಸಾವಿರಾರು ಸಣ್ಣ ತೂತು. ಆ ತೂತಿಗೆ ಕೆಲಸವೂ ಇದೆ, ಗಾಳಿ ಅಲ್ಲಿಂದ ಮೆಲ್ಲಗೆ ಸೋರುತ್ತದೆ. ಒಳಗಿನ ಸಾಮಾನು ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಜಾತಿ, ಮುಖ ಮಾತ್ರ ಬೇರೆ ಬೇರೆ.

ಒಂದು ಗುಟ್ಟು ಹೇಳುತ್ತೇನೆ. ಗೋಡೆಹಲ್ಲಿಯವರೇ, ನೀವು ನೋಡಿದ ಆ ಚೂರು ಉಬ್ಬು ಇದೆಯಲ್ಲ, ಅದು ಬಹಳ ಸಲ ನಮ್ಮಂಥವರ ಕಾಟ ತಾಳಲಾರದೆ ಬಂದದ್ದು. ಹೆಚ್ಚುಕಮ್ಮಿ ಒಂದು ಮೀಟರ್ ಉದ್ದದ ತೆಳು ಪ್ಯಾನಲ್ ಅಚ್ಚಿನಿಂದ ಬಿಸಿಯಾಗಿ ಹೊರಬರುತ್ತದೆ. ಆರುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ, ಸೊಟ್ಟಗಾಗುತ್ತದೆ. ಪೂರ್ತಿ ಚಪ್ಪಟೆ ಮತ್ತು ಮಿರಮಿರ ಹೊಳಪು ಬೇಕು ಅಂದರೆ ಆ ಸೊಟ್ಟ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಪ್ರತಿಬಿಂಬ ಹಾವಿನ ಥರ ಹರಿದಾಡುತ್ತದೆ. ಡಿಸೈನರ್‌ಗೆ ಹೇಳುತ್ತೇವೆ: ಸ್ವಲ್ಪ ಬಾಗು ಕೊಡಿ ಸರ್, ಮುಚ್ಚಿಹೋಗುತ್ತದೆ. ಒಂದು ಪ್ಯಾನಲ್‌ಗೆ ನಾಲ್ಕು ಸಲ ಅಚ್ಚು ತಿದ್ದಿದ ಮೇಲೆ ಕೊಟ್ಟರು ಪುಣ್ಯಾತ್ಮರು.

ಕೆಳಗಿನ ಹೊಳೆಯುವ ಪಟ್ಟಿಯ ಕಥೆಯೂ ಅಷ್ಟೇ. ಎರಡು ಭಾಗ ಸೇರುವ ಜೋಡು ಅಲ್ಲಿ ಬರುತ್ತದೆ. ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ ಯಾರಿಗಾದರೂ ಕಾಣುತ್ತದೆ. ಅದರ ಮೇಲೆ ಬೆಳ್ಳಿ ಬಣ್ಣದ ಪಟ್ಟಿ ಕೂರಿಸಿದರೆ ಕಣ್ಣು ಪಟ್ಟಿಯ ಕಡೆ ಹೋಗುತ್ತದೆ.

ತಕರಾರು

ಹಾಗಾದರೆ ಅದು ಅಲಂಕಾರ ಅಲ್ಲ, ತಪ್ಪು ಮುಚ್ಚುವ ಕೆಲಸ! ನಾನು ಗೆದ್ದೆ.

ಗೆರೆಗಾರ್ತಿ

ಅಷ್ಟು ಬೇಗ ಗೆಲ್ಲಬೇಡಿ. ಸಂದು ಮುಚ್ಚುವುದು ಯಾರಿಗಾಗಿ? ನೋಡುವವರ ಕಣ್ಣಿಗಾಗಿ. ಪಟ್ಟಿ ತೆಗೆದರೆ ಕೋಣೆ ಒಂದು ಡಿಗ್ರಿ ಬಿಸಿಯಾಗುವುದಿಲ್ಲ. ಕೋರ್ಟುಗಳು ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಒಂದು ಇದು: ಅದೇ ಕೆಲಸವನ್ನು ಬೇರೆ ರೂಪದಲ್ಲಿ ಮಾಡಲು ಸಾಧ್ಯವಿತ್ತಾ? ಅಚ್ಚುಮನೆಯವರು ಮೂರು ಬೇರೆ ಮುಖ ತೋರಿಸಿದರು. ಅಂದರೆ ಮುಖ ಕೆಲಸದ ಒತ್ತಾಯ ಅಲ್ಲ.

ಸ್ಕ್ರೂಡ್ರೈವರ್

ಇಪ್ಪತ್ತು ವರ್ಷದಿಂದ ಎಸಿ ಸರ್ವಿಸ್ ಮಾಡುತ್ತಿದ್ದೇನೆ. ನೀವೆಲ್ಲ ಅಲಂಕಾರ ಅನ್ನುವುದನ್ನು ನಾನು ಉಗುರಿನಲ್ಲಿ ಕೀಳುತ್ತೇನೆ.

ಸ್ಕ್ರೂ ಕಾಣಬಾರದು ಅಂತ ಗಾಳಿ ಬಾಯಿಯ ಹತ್ತಿರ ಚಿಕ್ಕ ಚಿಕ್ಕ ಮುಚ್ಚಳ ಇಡುತ್ತಾರೆ, ಬೆರಳಿನ ಉಗುರಷ್ಟು. ಒಂದೊಂದು ಮಾಡಲ್‌ನಲ್ಲಿ ಎರಡು, ಒಂದೊಂದರಲ್ಲಿ ಮೂರು. ಹೊಸದರಲ್ಲಿ ಸಲೀಸಾಗಿ ತೆರೆಯುತ್ತವೆ. ನಾಲ್ಕೈದು ವರ್ಷ ಆದಮೇಲೆ ಪ್ಲಾಸ್ಟಿಕ್ ಗಡುಸಾಗಿರುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ಹಾಕಿದರೆ ಟಕ್ ಅಂತ ಹಾರಿ ಮಂಚದ ಕೆಳಗೆ ಹೋಗುತ್ತದೆ. ಮನೆಯವರು ನನ್ನ ಮುಖ ನೋಡುತ್ತಾರೆ, ನಾನು ಮಂಚದ ಕೆಳಗೆ ನೋಡುತ್ತೇನೆ.

ಮೇಲಿನ ಕ್ಲಿಪ್‌ಗಳು ಇನ್ನೂ ಕಷ್ಟ. ಅವು ಕಾಣುವುದೇ ಇಲ್ಲ, ಕೈಯಲ್ಲಿ ತಡಕಿ ಬಿಡಿಸಬೇಕು. ಒಂದು ಮುರಿದರೂ ಪ್ಯಾನಲ್ ಆ ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಎರಡು ಮಿಲಿಮೀಟರ್ ಸಂದು ಸಾಕು, ನೀವು ಬಂದಮೇಲೆ ಹೀಗಾಯಿತು ಅಂತ ಫೋನ್ ಬರುತ್ತದೆ.

ಇನ್ನೊಂದು. ಎಸಿ ಚೆಂದ ಕಾಣುವುದಿಲ್ಲ ಅಂತ ಕೆಲವರು ಅದರ ಸುತ್ತ ಮರದ ಪಟ್ಟಿಯ ಗೂಡು ಮಾಡಿಸುತ್ತಾರೆ. ಗೂಡಿನೊಳಗೆ ಬಂದ ತಣ್ಣನೆ ಗಾಳಿ ಅಲ್ಲೇ ತಿರುಗಿ ನೆತ್ತಿಯಿಂದ ಒಳಗೆ ಹೋಗುತ್ತದೆ. ಸೆನ್ಸರ್‌ಗೆ ಕೋಣೆ ತಣ್ಣಗಾಯಿತು ಅನ್ನಿಸುತ್ತದೆ. ಕಂಪ್ರೆಸರ್ ನಿಲ್ಲುತ್ತದೆ. ಮನೆಯವರು ಬೆವರುತ್ತಾ ಕೂತಿರುತ್ತಾರೆ. ಗ್ಯಾಸ್ ಕಮ್ಮಿಯಾಗಿದೆ ನೋಡಿ ಅಂತ ನನ್ನನ್ನು ಕರೆಯುತ್ತಾರೆ. ಗೂಡಿನ ಬಾಗಿಲು ತೆಗೆದಿಟ್ಟು ಹತ್ತು ನಿಮಿಷ ಕಾದೆ ಅಂದರೆ ರಿಪೇರಿ ಮುಗಿಯಿತು.

ನಿದ್ದೆಗೇಡಿ

ಮುಖದ ಮೇಲೆ ಉರಿಯುವ ಆ ಡಿಗ್ರಿ ಅಂಕಿಯನ್ನು ಅಲಂಕಾರ ಅಂತ ಸೇರಿಸಿದ ಪುಣ್ಯಾತ್ಮ ಯಾರು? ಕತ್ತಲಲ್ಲಿ 24 ಅಂತ ದೆವ್ವದ ಕಣ್ಣಿನ ಹಾಗೆ ಹೊಳೆಯುತ್ತಿರುತ್ತದೆ. ಎರಡು ವರ್ಷ ಕಪ್ಪು ಟೇಪ್ ಅಂಟಿಸಿದ್ದೆ. ರಿಮೋಟಿನಲ್ಲಿ ಅದನ್ನು ಆರಿಸುವ ಗುಂಡಿ ಇದೆ ಅಂತ ಮೊನ್ನೆ ಗೊತ್ತಾಯಿತು.

ಸ್ಕ್ರೂಡ್ರೈವರ್

ಟೇಪ್ ಕಿತ್ತಾಗ ಅಂಟು ಉಳಿದಿರುತ್ತದೆ. ಥಿನ್ನರ್ ಮಾತ್ರ ಹಾಕಬೇಡಿ, ಪ್ಯಾನಲ್ ಹೊಳಪು ಹೋಗಿ ಬಿಳಿಚುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಗೋಡೆಹಲ್ಲಿ

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಗೆರೆಗಾರ್ತಿಯವರೇ, ಇನ್ನೆರಡು ಪ್ರಶ್ನೆ. ಒಂದು, ಅದೇ ರೂಪವನ್ನು ಕಪ್ಪು ಬಣ್ಣದಲ್ಲಿ ಮಾಡಿ, ಬೇರೆ ಹೆಸರಿನ ಲೋಗೋ ಹಾಕಿದರೆ ತಪ್ಪಿಸಿಕೊಳ್ಳಬಹುದಾ? ಎರಡು, ಗೋಡೆಗೆ ಅಂಟಿಕೊಂಡಿರುವ ಹಿಂಭಾಗವನ್ನು ಯಾರು ನೋಡುತ್ತಾರೆ? ಅದಕ್ಕೂ ಯಾಕೆ ಚಿತ್ರ?

ಗೆರೆಗಾರ್ತಿ

ಬಣ್ಣ ಬದಲಾಯಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಚಿತ್ರ ಕಪ್ಪು ಗೆರೆಯಲ್ಲಿದ್ದರೆ ಬಣ್ಣದ ಮಾತೇ ಇಲ್ಲ ಅಂತ ಅರ್ಥ, ಬಿಳಿಯೂ ಸೇರಿತು, ಕಪ್ಪೂ ಸೇರಿತು. ಬಣ್ಣದ ಚಿತ್ರ ಕೊಟ್ಟರೆ ಆ ಬಣ್ಣಕ್ಕೇ ಕಟ್ಟಿಹಾಕಿಕೊಂಡ ಹಾಗೆ, ಅದಕ್ಕೇ ಹೆಚ್ಚಿನವರು ಕೊಡುವುದಿಲ್ಲ. ಬರೀ ಲೋಗೋ ಬೇರೆ ಅನ್ನುವ ಕಾರಣಕ್ಕೂ ಬಚಾವಾಗುವುದಿಲ್ಲ. ನಾವೇ ನಮ್ಮ ಚಿತ್ರದಲ್ಲಿ ಲೋಗೋ ಬಿಟ್ಟುಬಿಡುತ್ತೇವೆ.

ಉಬ್ಬು ತಗ್ಗು ತೋರಿಸಲು ಮೇಲೆ ತೆಳು ನೆರಳು ಗೆರೆ ಹಾಕಬೇಕು. ಇದು ನನ್ನ ಕೆಲಸದಲ್ಲಿ ತುಂಬ ಖುಷಿ ಕೊಡುವ ಭಾಗ, ಜಾಸ್ತಿ ಬೈಗುಳ ತಿನ್ನಿಸುವುದೂ ಇದೇ. ಚಪ್ಪಟೆ ಜಾಗಕ್ಕೆ ಸಮ ಅಂತರದ ಗೆರೆ. ಬಾಗಿದ ಕಡೆ ಗೆರೆಗಳು ಒತ್ತಾಗುತ್ತಾ ಹೋಗಬೇಕು. ಹೊಳೆಯುವ ಗಾಜಿನಂಥ ಮೇಲ್ಮೈಗೆ ಓರೆ ಗೆರೆ. ಒಂದು ಸಲ ಮುಂದಿನ ನೋಟದಲ್ಲಿ ಪ್ಯಾನಲ್ ಉಬ್ಬಿದಂತೆಯೂ, ಪಕ್ಕದ ನೋಟದಲ್ಲಿ ಚಪ್ಪಟೆಯಾಗಿಯೂ ಬರೆದುಬಿಟ್ಟೆ. ಒಂದೇ ವಸ್ತು ಎರಡು ಚಿತ್ರದಲ್ಲಿ ಎರಡು ಥರ. ಪೇಟೆಂಟ್ ಕಚೇರಿಯ ಪರೀಕ್ಷಕರು ವಾಪಸ್ ಕಳಿಸಿದರು. ಮೊದಲು ಕೊಟ್ಟ ಚಿತ್ರದಲ್ಲಿ ಇಲ್ಲದ ಹೊಸ ವಿಷಯವನ್ನು ಆಮೇಲೆ ಸೇರಿಸುವಂತಿಲ್ಲವಾದ್ದರಿಂದ ತಿದ್ದುವಾಗ ಉಸಿರು ಬಿಗಿಹಿಡಿದು ಕೂತಿದ್ದೆ.

ಹಿಂಭಾಗಕ್ಕೆ ಬರೋಣ. ಬಳಸುವಾಗ ಕಾಣುವುದಿಲ್ಲ, ನಿಜ. ಆದರೆ ಮಾರುವಾಗ, ಪೆಟ್ಟಿಗೆ ಬಿಚ್ಚುವಾಗ ಕಾಣುತ್ತದೆ. 1990ರ ಒಂದು ಅಮೆರಿಕನ್ ತೀರ್ಪು ಇದೆ. ವಸ್ತು ಸೊಂಟದ ಕೃತಕ ಕೀಲು. ಕೂರಿಸಿದ ಮೇಲೆ ಅದು ಮನುಷ್ಯನ ದೇಹದೊಳಗೆ, ಯಾರೂ ನೋಡುವುದಿಲ್ಲ. ಆದರೂ ಜಾಹೀರಾತಿನಲ್ಲಿ, ಪ್ರದರ್ಶನದಲ್ಲಿ ವೈದ್ಯರು ನೋಡುತ್ತಾರಲ್ಲ, ಆ ಹೊತ್ತಿನ ರೂಪಕ್ಕೂ ಬೆಲೆ ಇದೆ ಅಂದಿತು ಕೋರ್ಟ್. ಮೂಳೆಯೊಳಗಿನದಕ್ಕೇ ಹೀಗಾದರೆ ಗೋಡೆಗೆ ಅಂಟಿದ್ದಕ್ಕೆ ಏನಂತೀರಿ? ಆದರೂ ಎಸಿಯ ಬೆನ್ನಿನಲ್ಲಿ ಕಾಪಾಡುವಂಥದ್ದು ಏನೂ ಇರುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ತುಂಡು ಗೆರೆ ಹಾಕಿ ಮುಂದೆ ಹೋಗುತ್ತೇವೆ.

ತಕರಾರು

ಸರಿ, ಒಪ್ಪಿದೆ. ಆದರೆ ನಕಲು ಅಂತ ತೀರ್ಮಾನಿಸುವವರು ಯಾರು? ಸ್ಕೇಲ್ ಹಿಡಿದು ಅಳೆಯುತ್ತಾರಾ?

ಗೆರೆಗಾರ್ತಿ

ಸ್ಕೇಲ್ ಇಲ್ಲ, ಕಣ್ಣು. ಅಮೆರಿಕದಲ್ಲಿ ಈ ಅಳತೆಗೋಲು 1871ರದು. ಬೆಳ್ಳಿ ಚಮಚ ಮತ್ತು ಫೋರ್ಕಿನ ಹಿಡಿಗಳ ಕೇಸು. ಕೊಳ್ಳುವವರು ಸಾಮಾನ್ಯವಾಗಿ ಕೊಡುವಷ್ಟು ಗಮನ ಕೊಟ್ಟು ನೋಡಿದಾಗ, ಒಂದನ್ನು ಇನ್ನೊಂದು ಅಂದುಕೊಂಡು ಮೋಸಹೋಗಿ ಕೊಳ್ಳುವಷ್ಟು ಹೋಲಿಕೆ ಇದೆಯಾ ಅಂತ ನೋಡುತ್ತಾರೆ. ತಜ್ಞರ ಕಣ್ಣಲ್ಲ, ಸಾಮಾನ್ಯ ಕೊಳ್ಳುಗರ ಕಣ್ಣು.

2008ರಲ್ಲಿ ಇನ್ನೊಂದು ತೀರ್ಪು ಬಂತು, ಉಗುರು ಉಜ್ಜುವ ಸಾಧನದ ಕೇಸು. ಆ ಸಾಮಾನ್ಯ ಕೊಳ್ಳುಗ ಹಿಂದೆ ಬಂದಿದ್ದ ವಸ್ತುಗಳನ್ನೂ ಬಲ್ಲವನಾಗಿರಬೇಕು ಅಂದರು. ಎಸಿಗೆ ಮುಖ್ಯವಾಗಿ ತಟ್ಟುವುದು ಇದೇ. ಗೋಡೆಹಲ್ಲಿಯವರ ಮೊದಲ ಪ್ರಶ್ನೆಗೂ ಉತ್ತರ ಇಲ್ಲಿದೆ. ಎಲ್ಲ ಎಸಿಗಳೂ ಉದ್ದ, ಎಲ್ಲವೂ ದುಂಡು ಮೂಲೆ. ಆ ಉದ್ದ, ಆ ದುಂಡು ಯಾರ ಸ್ವತ್ತೂ ಅಲ್ಲ. ಅದನ್ನೆಲ್ಲ ಮೊದಲೇ ನೋಡಿ ದಣಿದ ಕಣ್ಣು ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತದೆ. ಹಾಗಾಗಿ ಕೆಳಗಿನ ಪಟ್ಟಿ ಎಲ್ಲಿ ಶುರುವಾಗುತ್ತದೆ, ಪ್ಯಾನಲ್ ಪಕ್ಕಕ್ಕೆ ಹೇಗೆ ಮಡಚಿಕೊಳ್ಳುತ್ತದೆ, ಇಂಥ ಚಿಕ್ಕದರ ಮೇಲೆ ಕೇಸು ನಿಲ್ಲುತ್ತದೆ. ಹಕ್ಕು ಸಿಗುವುದು ಸುಲಭ ಅನ್ನಿಸಬಹುದು, ಆದರೆ ಅದು ಬಹಳ ಸಣ್ಣ ಸೈಟು. ತಕರಾರು ಅವರ ಇಟ್ಟಿಗೆಗೆ ಭಯ ಬೇಡ.

ಕಾಲಾವಧಿಯೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 2015ರ ಮೇ 13 ಅಥವಾ ಆಮೇಲೆ ಹಾಕಿದ ಅರ್ಜಿಗಳಿಗೆ ಪೇಟೆಂಟ್ ಸಿಕ್ಕ ದಿನದಿಂದ 15 ವರ್ಷ, ಅದಕ್ಕೂ ಮೊದಲಿನವಕ್ಕೆ 14. ಯುರೋಪಿಯನ್ ಒಕ್ಕೂಟದಲ್ಲಿ ಐದೈದು ವರ್ಷದಂತೆ ನವೀಕರಿಸುತ್ತಾ 25ರವರೆಗೆ. ಭಾರತದಲ್ಲಿ ಇದು ಪೇಟೆಂಟ್ ಅಲ್ಲ, ಡಿಸೈನ್ ನೋಂದಣಿ, 10 ವರ್ಷ, ಆಮೇಲೆ ಇನ್ನೂ 5. ಹುಡುಕುವವರಿಗೆ: ಡಿಸೈನ್‌ಗಳನ್ನು ವಸ್ತುವಾರು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ಲೊಕಾರ್ನೊ ವರ್ಗೀಕರಣದಲ್ಲಿ ಎಸಿ, ಫ್ಯಾನ್ ಎಲ್ಲ ಬರುವುದು 23-04ರಲ್ಲಿ. ಒಂದು ಸಲ ಹೊಕ್ಕರೆ ಸಂಜೆ ಹೋದದ್ದೇ ಗೊತ್ತಾಗುವುದಿಲ್ಲ.

ಅಚ್ಚುಮನೆ

ಒಂದು ಮಾತು ಸೇರಿಸಲಾ? ಚಿತ್ರದಲ್ಲಿ ಮುಂದಿನ ನೋಟ ಅಂದರೆ ಕಣ್ಣು ಪ್ಯಾನಲಿನ ಎತ್ತರದಲ್ಲೇ, ನೇರ ಎದುರಿಗೆ. ಆ ಎತ್ತರದಲ್ಲಿ ನಿಂತು ಎಸಿ ನೋಡುವವನು ಏಣಿ ಹತ್ತಿದ ಸ್ಕ್ರೂಡ್ರೈವರ್ ಅವರೊಬ್ಬರೇ! ಉಳಿದವರು ನೋಡುವುದು ಕೆಳಗಿನಿಂದ. ಆದರೆ ಡಿಸೈನ್ ಮೀಟಿಂಗಿನಲ್ಲಿ ಮಾದರಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಮುಂದಿನ ಮುಖದ ಬಗ್ಗೆ ಎರಡು ಗಂಟೆ ಮಾತಾಡುತ್ತಾರೆ. ಹೊಟ್ಟೆ ಭಾಗಕ್ಕೆ ಐದು ನಿಮಿಷ. ಒಂದು ಸಲ ಮಾದರಿಯನ್ನು ಎತ್ತಿ ತಲೆ ಮೇಲೆ ಹಿಡಿದು ತೋರಿಸಿದೆ. ಎಲ್ಲರೂ ಸುಮ್ಮನಾದರು. ಆ ಹೊಳೆಯುವ ಪಟ್ಟಿ ಕೆಳಗಿನಿಂದ ಕಾಣುತ್ತಲೇ ಇರಲಿಲ್ಲ.

ಸ್ಕ್ರೂಡ್ರೈವರ್

ಇನ್ನೊಂದು ವಿಷಯ. ಅಂಗಡಿಯಲ್ಲಿ ಎಸಿ ಆಫ್ ಆಗಿರುತ್ತದೆ. ಫ್ಲಾಪ್ ಮುಚ್ಚಿ ಮೊಟ್ಟೆ ಹಾಗೆ ನುಣ್ಣಗೆ. ಮನೆಯಲ್ಲಿ ಆನ್ ಮಾಡಿದ ತಕ್ಷಣ ಬಾಯಿ ಬಿಡುತ್ತದೆ. ಕಪ್ಪು ಬಾಯಿ, ಒಳಗೆ ಸಣ್ಣ ರೆಕ್ಕೆ, ಧೂಳು. ನೀವು ನೋಡುತ್ತಾ ಮಲಗುವುದು ಅದನ್ನೇ.

ಗೆರೆಗಾರ್ತಿ

ಫ್ಲಾಪ್ ತೆರೆದ ನೋಟವನ್ನೂ ಸೇರಿಸಿ ಎಂದು ನಾನು ಪ್ರತಿ ಸಲ ಕೇಳುತ್ತೇನೆ. ಸೇರಿಸಬಹುದು. ಪ್ಯಾನಲ್ ಸರಿಯುವಂಥ ಮಾಡಲ್‌ಗಳಲ್ಲಿ ತೆರೆದದ್ದು ಒಂದು ಚಿತ್ರ, ಮುಚ್ಚಿದ್ದು ಒಂದು ಚಿತ್ರ ಹಾಕುತ್ತಾರೆ. ಎಷ್ಟೋ ಜನ ಬೇಡ ಅನ್ನುತ್ತಾರೆ, ಮುಚ್ಚಿದ್ದೇ ಚೆಂದವಂತೆ. ಅಚ್ಚುಮನೆಯವರು ಹೇಳಿದ ಹೊಟ್ಟೆಯ ನೋಟ ಮಾತ್ರ ತಪ್ಪದೆ ಇರುತ್ತದೆ. ಗೋಡೆಹಲ್ಲಿಯವರೇ, ನಿಮ್ಮ ಪೇಟೆಂಟಿನಲ್ಲಿ ಎಷ್ಟನೆಯದು ನೋಡಿ.

ಗೋಡೆಹಲ್ಲಿ

ನೋಡಿದೆ. ಕೊನೆಯದು, ಏಳನೆಯದು. ಹಾಳೆಯ ತಳದಲ್ಲಿ ಮೇಲಿನ ನೋಟದ ಕೆಳಗೆ ಇದೆ. ನಿನ್ನೆ ಅದನ್ನು ದಾಟಿ ಹೋಗಿದ್ದೆ.

ಈಗ ಪ್ರಿಂಟ್ ಹಿಡಿದು ಮಂಚದ ಮೇಲೆ ಮಲಗಿ ನಮ್ಮ ಎಸಿಗೆ ಹೋಲಿಸಿದೆ. ನಮ್ಮದು ಬೇರೆ ಕಂಪನಿಯದು, ಆದರೂ ಈ ಒಂದು ಚಿತ್ರ ಮಾತ್ರ ಥಟ್ಟನೆ ಪರಿಚಯ ಸಿಕ್ಕಿತು. ಉದ್ದನೆ ಬಾಯಿ, ಎರಡು ತುದಿಯಲ್ಲಿ ಫ್ಲಾಪಿನ ಗುಬುಟು. ಸ್ಕ್ರೂಡ್ರೈವರ್ ಅವರು ಹೇಳಿದ ಆ ಉಗುರಷ್ಟು ಮುಚ್ಚಳಗಳೂ ಇವೆ, ಮೂರು, ಅದೂ ಪೂರ್ತಿ ಗೆರೆಯಲ್ಲಿ. ನಮ್ಮದರಲ್ಲೂ ಮೂರು. ಮಧ್ಯದ್ದು ಕಾಣೆಯಾಗಿದೆ. ಅಲ್ಲಿ ಸ್ಕ್ರೂ ಕಾಣುತ್ತಿದೆ. ಆರು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಇವತ್ತೇ ಕಂಡಿದ್ದು.

ಸ್ಕ್ರೂಡ್ರೈವರ್

ಮಂಚದ ಕೆಳಗೆ ನೋಡಿ ಸರ್. ಆಮೇಲೆ ಆ ಧೂಳಿನ ಫಿಲ್ಟರ್ ಒಂದು ಸಲ ತೊಳೆಯಿರಿ.